ಎಡಗಡೆಯ ಗೆರೆ

ಮೂರನೇ ಗೇಮು, ಹತ್ತೊಂಬತ್ತು–ಇಪ್ಪತ್ತು. ಎದುರಾಳಿ ಎತ್ತಿ ಹೊಡೆದ ಶಟಲ್ ದೀಪಗಳ ಸಾಲು ದಾಟಿ ಅವಳ ಎಡಮೂಲೆಯ ಕಡೆಗೆ ಇಳಿಯತೊಡಗಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ರಾಕೆಟ್ ಎತ್ತಿದಳು, ಕೊನೇ ಗಳಿಗೆಯಲ್ಲಿ ಕೈ ಇಳಿಸಿ ಬಿಟ್ಟುಬಿಟ್ಟಳು. ಹೊರಗೆ ಹೋಗುತ್ತದೆ ಅಂತ ಅವಳಿಗೆ ಖಾತ್ರಿಯಿತ್ತು.

ಶಟಲ್ ನೆಲ ಮುಟ್ಟಿತು. ಮೂಲೆಯ ಕುರ್ಚಿಯಲ್ಲಿದ್ದ ಲೈನ್ ಜಡ್ಜ್ ಬಾಯಿ ತೆರೆಯಲಿಲ್ಲ. ಬಲಗೈ ಚಾಚಿ ಗೆರೆ ತೋರಿಸಿದ, ಅಷ್ಟೇ. ಒಳಗೆ.

ಸೆಮಿಫೈನಲ್ ಮುಗಿದುಹೋಯಿತು.

"ಕಣ್ಣು ಕಾಣುತ್ತಾ ನಿಮಗೆ?" ಅವಳು ನೇರ ಅವನ ಕುರ್ಚಿಯ ಮುಂದೆ ಹೋಗಿ ನಿಂತಳು. ಅವನು ತುಟಿ ಬಿಗಿಹಿಡಿದು ನೆಟ್ಟಗೆ ನೋಡುತ್ತ ಕುಳಿತ. ದಪ್ಪ ಕನ್ನಡಕದ ಹಿಂದೆ ಕಣ್ಣುಗಳು ಒಂದು ಸಲ ಮಿಟುಕಿದವು. ಅಂಪೈರ್ ಕರೆದು ಎಚ್ಚರಿಕೆ ಕೊಟ್ಟ ಮೇಲೆ ಅವಳು ಎದುರಾಳಿಯ ಕೈ ಕುಲುಕಿ, ಬ್ಯಾಗು ಹೆಗಲಿಗೇರಿಸಿ ಹೊರನಡೆದಳು.

ಅಲ್ಲಿಗೆ ಬಿಡಬಹುದಿತ್ತು. ಬಿಡುವ ಜಾಯಮಾನ ಅವಳದಲ್ಲ. ಅರ್ಧ ಗಂಟೆ ಬಿಟ್ಟು, ಮೆಟ್ಟಿಲ ಕೆಳಗಿನ ನೀರಿನ ನಲ್ಲಿಯ ಹತ್ತಿರ ಅವನು ಬಾಟಲಿ ತುಂಬಿಸಿಕೊಳ್ಳುತ್ತಿದ್ದಾಗ ಹಿಡಿದಳು.

"ಈಗ ಮಾತಾಡಬಹುದಲ್ಲ? ಹೇಳಿ, ಅದು ಒಳಗಿತ್ತಾ?"

"ಒಳಗಿತ್ತು ಮೇಡಂ. ಎರಡು ಬೆರಳಷ್ಟು."

"ಈ ಸೋಡಾಬುಡ್ಡಿ ಹಾಕ್ಕೊಂಡು ಎರಡು ಬೆರಳು ಅಳತೆ ಮಾಡಿದ್ರಾ?"

ಅವನ ಕಿವಿ ಕೆಂಪಾಯಿತು. ಸಿಟ್ಟಿಗಲ್ಲ, ನಗು ತಡೆದುಕೊಂಡಿದ್ದಕ್ಕೆ. ಆಮೇಲೆ ಆ ನಗುವೂ ಹೋಯಿತು. ಬಾಟಲಿಯ ಮುಚ್ಚಳ ತಿರುಗಿಸುತ್ತ ಅವನು ನಿಧಾನವಾಗಿ ಹೇಳಿದ: "ನೀವು ನನ್ನ ಕಡೆ ಆಡಿದಾಗ ಎಡಮೂಲೆಗೆ ಬಂದ ನಾಲ್ಕು ಶಟಲ್ ಬಿಟ್ರಿ. ನಾಲ್ಕೂ ಒಳಗೆ ಬಿದ್ವು. ಬಲಗಡೆ ಒಂದೂ ತಪ್ಪಿಲ್ಲ. ಹೇಳೋದೋ ಬೇಡವೋ ಅಂತ ಯೋಚಿಸ್ತಿದ್ದೆ." ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟ. ಕನ್ನಡಕದ ಅಂಗಡಿ, ಕಣ್ಣು ಪರೀಕ್ಷಕ. "ಒಂದ್ಸಲ ಬಂದು ತೋರಿಸ್ಕೊಳ್ಳಿ."

"ಓಹೋ! ಗೆರೆ ಕಾಯೋ ನೆಪದಲ್ಲಿ ಗಿರಾಕಿ ಹಿಡಿಯೋಕೆ ಬರ್ತೀರಾ?" ಅವಳು ಕಾರ್ಡನ್ನು ಬ್ಯಾಗಿನ ಹೊರ ಜೇಬಿಗೆ ತುರುಕಿ ಹೊರಟಳು. ಬಾಗಿಲ ಹತ್ತಿರ ತಿರುಗಿ ನೋಡಿದರೆ ಅವನು ಇನ್ನೂ ಅಲ್ಲೇ ನಿಂತಿದ್ದ. ನಲ್ಲಿ ಹಾಗೇ ಸುರಿಯುತ್ತಿತ್ತು.

ಅವನ ಮಾತು ಸುಳ್ಳಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಗಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

ಅವಳಿಗೆ ಇಪ್ಪತ್ತನಾಲ್ಕು. ಅಪ್ಪ ತೀರಿಕೊಂಡ ವರ್ಷ, ಒಂಬತ್ತರ ಹುಡುಗಿಯನ್ನು ಸೋದರಮಾವ ತನ್ನ ಬ್ಯಾಡ್ಮಿಂಟನ್ ಹಾಲ್‌ಗೆ ಕರೆದೊಯ್ದು ಕೈಗೆ ರಾಕೆಟ್ ಕೊಟ್ಟಿದ್ದ. ಉದ್ದಕ್ಕೆ, ಸಣ್ಣಕ್ಕೆ ಇದ್ದವಳಿಗೆ "ಕಡ್ಡಿ" ಅಂತ ಹೆಸರಿಟ್ಟವನೂ ಅವನೇ. ಹದಿನೈದು ವರ್ಷ ಬೆಳಗಿನ ಐದಕ್ಕೆ ಹಾಲ್‌ನ ಬೀಗ ತೆಗೆದದ್ದು ಅವರಿಬ್ಬರೇ. ಜೂನಿಯರ್ ಪದಕಗಳು, ಮೊದಲ ವಿಮಾನ, ದೇಶದ ಆರನೇ ಸ್ಥಾನ. ಮಾವ ಮದುವೆಯಾಗಲಿಲ್ಲ. ಕೇಳಿದವರಿಗೆ, "ಪುರುಸೊತ್ತೆಲ್ಲಿದೆ? ಇವಳ ಫುಟ್‌ವರ್ಕ್ ಇನ್ನೂ ಸರಿಯಾಗಿಲ್ಲ" ಎನ್ನುತ್ತಿದ್ದ.

ನಾಲ್ಕು ತಿಂಗಳ ಹಿಂದೆ, ಅಭ್ಯಾಸದಲ್ಲಿ ಮಾವ ಹೊಡೆದ ಒಂದು ಸ್ಮ್ಯಾಶ್ ನೆಟ್ಟಿನ ಅಂಚಿಗೆ ತಾಗಿ ದಿಕ್ಕು ಬದಲಿಸಿ ಅವಳ ಎಡಗಣ್ಣಿಗೆ ಬಡಿಯಿತು. ಮಾವ ರಾಕೆಟ್ ಬಿಸಾಕಿ ಓಡಿಬಂದಿದ್ದ. ಒಂದು ವಾರ ಐಸ್, ಮಾತ್ರೆ, ಕೆಂಪು ಇಳಿಯಿತು. "ಏನೂ ಆಗಿಲ್ಲ ಮಾವ, ಚೆನ್ನಾಗಿ ಕಾಣ್ತಿದೆ" ಎಂದಳು. ಆಮೇಲೆ ಸೊಳ್ಳೆಗಳ ಹಾಗೆ ಕಪ್ಪು ಚುಕ್ಕಿಗಳು ತೇಲತೊಡಗಿದವು. ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚಿದ ಹಾಗಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾವ ಏನಾಗಿಬಿಡುತ್ತಾನೋ ಎಂಬ ಹೆದರಿಕೆ.

ಅಂದಿನಿಂದ ಐದು ಟೂರ್ನಿಗಳಲ್ಲಿ ಮೊದಲ ಸುತ್ತಿಗೇ ಮನೆಗೆ. ಆರನೇದರಲ್ಲಿ ಹೇಗೋ ಸೆಮಿಫೈನಲ್‌ವರೆಗೆ ಏಗಿ ಬಂದಿದ್ದಳು.

ಹನ್ನೊಂದು ದಿನ ಕಾರ್ಡು ಬ್ಯಾಗಿನ ಜೇಬಿನಲ್ಲೇ ಇತ್ತು. ಹನ್ನೆರಡನೇ ದಿನ ಮಧ್ಯಾಹ್ನ ಅವಳು ಅಂಗಡಿಯ ಗಾಜಿನ ಬಾಗಿಲು ತಳ್ಳಿದಳು.

"ಗಿರಾಕಿ ಬಂದಿದೀನಿ," ಎಂದಳು.

ಅವನು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟ. "ಬನ್ನಿ. ಬೈಯೋದಿದ್ರೆ ಮೊದಲೇ ಬೈದುಬಿಡಿ. ಆಮೇಲೆ ಗದ್ದ ಅಲ್ಲಾಡಿಸೋ ಹಾಗಿಲ್ಲ."

ಒಳಗಿನ ಕೋಣೆ ಚಿಕ್ಕದು, ಅರೆಗತ್ತಲು. ಯಂತ್ರದ ಪಟ್ಟಿಯ ಮೇಲೆ ಗದ್ದ ಊರಿಸಿ ಅವನು ಬೆಳಕು ಬಿಟ್ಟು ನೋಡಿದ, ಅಕ್ಷರ ಓದಿಸಿದ. ಆಮೇಲೆ ಎದುರಿಗೆ ಸ್ಟೂಲ್ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗದಷ್ಟು ದೂರದಲ್ಲಿ ಕುಳಿತ.

"ಬಲಗಣ್ಣು ಮುಚ್ಕೊಳ್ಳಿ. ನನ್ನ ಮೂಗೇ ನೋಡ್ತಿರಿ. ಪಕ್ಕದಲ್ಲಿ ಬೆರಳು ತೋರಿಸ್ತೀನಿ, ಎಷ್ಟು ಅಂತ ಹೇಳಿ."

"ಮೂಗು ಮಾತ್ರ ನೋಡಬೇಕಾ?"

"ಮೂಗು ಮಾತ್ರ."

ಅವಳು ಮೂಗು ನೋಡಿದಳು. ಕನ್ನಡಕ ಕೂತು ಕೂತು ಮೂಗಿನ ಎರಡು ಬದಿಗೂ ಪುಟ್ಟ ಕುಳಿ ಬಿದ್ದಿತ್ತು. ಮೇಲ್ತುಟಿಯ ಹತ್ತಿರ ಬೆಳಗಿನ ಗಡ್ಡ ಹೆರೆದ ಸಣ್ಣ ಗಾಯ. ಅವನ ಉಸಿರು ನಿಧಾನವಾಗಿತ್ತು. ಇಷ್ಟು ಹತ್ತಿರದಿಂದ ಯಾರ ಮುಖವನ್ನೂ ಅವಳು ಸುಮ್ಮನೆ ನೋಡಿರಲಿಲ್ಲ. ಅವಳು ಓದಿ ಕಲಿತ ಮುಖಗಳೆಲ್ಲ ನೆಟ್ಟಿನ ಆಚೆಯವು.

ಮೇಲೆ ಎರಡು, ಬಲಕ್ಕೆ ಒಂದು. ಸರಿ ಹೇಳಿದಳು. ಆಮೇಲೆ ಅವನ ತೋಳು ಅವಳ ಎಡಕ್ಕೆ, ಕೆಳಕ್ಕೆ ಸರಿಯಿತು. ತೋಳು ಸರಿದದ್ದು ಹೆಗಲಿನಿಂದ ತಿಳಿಯಿತು. ಕೈ ಇರಬೇಕಾದಲ್ಲಿ ಬೂದು ಮಬ್ಬು.

"ಎಷ್ಟು?"

"ಎರಡು," ಎಂದಳು.

ಅವಳು ನಿಯಮ ಮುರಿದು ತಿರುಗಿ ನೋಡಿದಳು. ಅವನು ಬೆರಳೇ ತೋರಿಸಿರಲಿಲ್ಲ, ಮುಷ್ಟಿ ಮಡಚಿಕೊಂಡಿದ್ದ.

"ಅಂಗಡಿ ಮುಚ್ತೀನಿ. ಆಸ್ಪತ್ರೆಗೆ ಈಗಲೇ ಹೋಗೋಣ," ಎಂದ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆ, ಏಟು ಬಿದ್ದ ಕಡೆ ಹರಿದು, ಗೋಡೆಯ ಕಾಗದ ಕಳಚುವ ಹಾಗೆ ಮೆಲ್ಲಗೆ ಕಳಚುತ್ತಿದೆ. "ನಡುಭಾಗ ಇನ್ನೂ ಅಂಟಿಕೊಂಡಿದೆ. ಅದು ಬಿಡೋ ಮುಂಚೆ ಆಪರೇಷನ್ ಆಗಬೇಕು. ನಾಳೆ ಬೆಳಗ್ಗೆ ಬನ್ನಿ. ಆಟ, ಓಟ ಇವತ್ತಿಗೆ ಬಂದ್."

"ಒಂಬತ್ತು ದಿನಕ್ಕೆ ದೇಶದ ಟೀಮಿನ ಟ್ರಯಲ್ಸ್ ಇದೆ ಡಾಕ್ಟರ್."

"ಇನ್ನೊಂದು ವರ್ಷ ಇರುತ್ತಮ್ಮ ಟ್ರಯಲ್ಸು. ಕಣ್ಣು ಇರಬೇಕಲ್ಲ?"

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಅವನು ತಂದ ಟೀ ಅವಳ ಕೈಯಲ್ಲೇ ಆರಿತು.

"ಒಂಬತ್ತು ದಿನ," ಎಂದಳು. "ನಾಲ್ಕು ತಿಂಗಳು ತಡೆದಿದೆ. ಒಂಬತ್ತು ದಿನ ತಡೆಯಲ್ವಾ?"

"ತಡೆಯದೇ ಇರಬಹುದು. ಮನೆಯಲ್ಲಿ ಹೇಳಿ. ನಿಮ್ಮ ಮಾವನಿಗೆ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಆ ಶಾಟ್ ಹೊಡೆದದ್ದು ಯಾರು ಗೊತ್ತಾ ನಿಮಗೆ?"

ಅವಳು ಹೇಳಿದಳು. ಅವನು ತನ್ನ ಟೀ ಲೋಟ ಕೆಳಗಿಟ್ಟ.

"ದಮ್ಮಯ್ಯ, ಹೇಳಬೇಡಿ. ನಾನೇ ಹೇಳ್ತೀನಿ. ಸ್ವಲ್ಪ ಟೈಮ್ ಕೊಡಿ." ಅವಳು ಅವನ ತೋಳು ಹಿಡಿದಿದ್ದಳು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ಹೇಳುವುದಿಲ್ಲ ಎಂದು ಅವನು ಮಾತು ಕೊಟ್ಟ. ಆ ಮಾತಿಗೆ ಇಬ್ಬರೂ ಬೆಲೆ ತೆತ್ತರು.

ಮರುದಿನ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಅದರ ಮಾರನೇ ದಿನ ಬೆಳಗ್ಗೆ ಅವನು ಹಾಲ್‌ನ ಬಾಗಿಲಲ್ಲಿ ನಿಂತಿದ್ದ. ಅವಳು ದೂರದಿಂದಲೇ ತಲೆಯಾಡಿಸಿ ಹೋಗು ಎಂದಳು. ಅವನು ಹೋಗಲಿಲ್ಲ, ಒಳಗೂ ಬರಲಿಲ್ಲ. ಮಾವ ಶಟಲ್‌ಗಳನ್ನು ಒಂದರ ಹಿಂದೊಂದು ಎಡಕ್ಕೆ ಎಸೆಯುತ್ತಿದ್ದ. "ಕಡ್ಡಿ, ನಿದ್ದೆ ಮಾಡ್ತಿದೀಯಾ? ಎಡಗಡೆ! ಎಡಗಡೆ!"

ನೆಟ್ಟಿನ ಮೇಲಿನ ಬಿಳಿ ಪಟ್ಟಿ ಇದ್ದಕ್ಕಿದ್ದಂತೆ ನಡುವೆ ಬಗ್ಗಿತು. ಕಣ್ಣುಜ್ಜಿದಳು. ಬಲಗಣ್ಣು ಮುಚ್ಚಿದಳು. ಮಾವನ ಮುಖವೂ ನೀರಿನಲ್ಲಿ ಕಂಡ ಹಾಗೆ ಅಲುಗಿತು; ಮೂಗು ಒಂದು ಕಡೆ, ಬಾಯಿ ಒಂದು ಕಡೆ.

ಅವಳು ರಾಕೆಟ್ ನೆಲಕ್ಕಿಟ್ಟಳು. "ಮಾವ," ಎಂದಳು. "ಆವತ್ತು ಏನೂ ಆಗಿಲ್ಲ ಅಂದಿದ್ದು ಸುಳ್ಳು."

ಮಾವ ಕೇಳಿಸಿಕೊಂಡ. ಕೋರ್ಟಿನ ನಡುವೆ ಕುಳಿತು, ಏನೋ ದೊಡ್ಡ ಕೆಲಸವಿದ್ದ ಹಾಗೆ ಶೂಗಳ ದಾರ ಬಿಚ್ಚತೊಡಗಿದ. ಒಂದು ಬಿಚ್ಚಿದ, ಇನ್ನೊಂದು ಬಿಚ್ಚಲಾಗಲಿಲ್ಲ. ಬಾಗಿಲಲ್ಲಿದ್ದವನು ಬಂದು ಮೊಣಕಾಲೂರಿ ಆ ಗಂಟು ಬಿಡಿಸಿಕೊಟ್ಟ. ಆಮೇಲೆ ಮೂವರೂ ಮಾವನ ಹಳೇ ಕಾರಿನಲ್ಲಿ ಆಸ್ಪತ್ರೆಗೆ ಹೊರಟರು.

ಆಪರೇಷನ್ ಆದ ಮೇಲೆ, ಪರದೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗಾಳಿಗುಳ್ಳೆ ತುಂಬಿ, ಏಳು ದಿನ ಬೋರಲು ಮಲಗಿರಬೇಕು ಎಂದರು. ಮಾವ ಹಾಲ್‌ನಿಂದ ಮಸಾಜ್ ಮೇಜು ಹೊತ್ತು ತಂದು ಅವಳ ಕೋಣೆಯಲ್ಲಿ ಹಾಕಿದ. ಮುಖಕ್ಕೆ ತೂತಿರುವ ಮೇಜು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ ರಜೆ ಹಾಕಿ, ಗಡಿಯಾರ ನೋಡಿ ನೋಡಿ ಕಣ್ಣಿಗೆ ಹನಿ ಬಿಡುತ್ತಿದ್ದಳು. ಉಳಿದ ಹೊತ್ತೆಲ್ಲ ಅವಳಿಗೆ ಕಂಡದ್ದು ಒಂದು ತಟ್ಟೆಯಗಲದ ನೆಲ.

ಮೊದಲ ದಿನ ಮಧ್ಯಾಹ್ನ ಆ ನೆಲದ ಮೇಲೆ ಎರಡು ಪಾದ ಬಂದು ನಿಂತವು. ಒಂದು ಸಾಕ್ಸ್ ಕಪ್ಪು, ಒಂದು ಕಡುನೀಲಿ.

"ಗೆರೆ ನೋಡೋಕೆ ಬರುತ್ತೆ, ಸಾಕ್ಸ್ ಜೋಡಿ ಮಾಡೋಕೆ ಬರಲ್ವಾ?" ಎಂದಳು.

"ಬೆಳಗ್ಗೆ ಗಡಿಬಿಡಿ ಆಯ್ತು." ಪಾದಗಳು ಒಂದರ ಮೇಲೊಂದು ಹತ್ತಿ ಅಡಗಿಕೊಳ್ಳಲು ನೋಡಿದವು. "ಊಟದ ಬಿಡುವಲ್ಲಿ ಬಂದೆ. ಒಂದು ಗಂಟೆ ಇದೆ."

ಮಾರನೇ ದಿನ ಸಾಕ್ಸ್ ಜೋಡಿಯಾಗಿತ್ತು. ಮೂರನೇ ದಿನ ಪಾದಗಳು ಬರಲಿಲ್ಲ. ಅದರ ಬದಲು ಚಾಪೆ ಬಿಚ್ಚಿದ ಸದ್ದಾಯಿತು, ಯಾರೋ ಉಸ್ಸೆಂದರು, ತೂತಿನ ಕೆಳಗೆ ಅವನ ಮುಖ ತೇಲಿಬಂತು. ನೆಲದ ಮೇಲೆ ಅಂಗಾತ ಮಲಗಿದ್ದ.

"ಪಾದದ ಜೊತೆ ಮಾತಾಡಿ ಬೇಜಾರಾಗಿರುತ್ತೆ ಅಂತ," ಎಂದ.

ಹನಿ ಬಿಡಲು ಬಂದ ಅಮ್ಮ ಬೆಚ್ಚಿದಳು. "ಅಯ್ಯೋ, ಏನಪ್ಪಾ, ಬಿದ್ದುಬಿಟ್ಯಾ?"

"ಇಲ್ಲಮ್ಮ, ಮಾತಾಡ್ತಿದೀನಿ."

"ಹಾಗಾದ್ರೆ ದಿಂಬು ತಗೋ," ಎಂದು ಅಮ್ಮ ಅವನ ತಲೆಯಡಿಗೆ ಒಂದು ದಿಂಬು ತಳ್ಳಿ, ಮತ್ತೇನೂ ಕೇಳದೆ ಹೋದಳು.

ಹಾಗೆ ಮಲಗಿಯೇ ಅವನು ತನ್ನ ಕಥೆ ಹೇಳಿದ. ಐದನೇ ವಯಸ್ಸಿಗೇ ಕನ್ನಡಕ. ಆಟಕ್ಕೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಒಡೆದರೆ ಯಾರು ಬೈಸಿಕೊಳ್ಳುವುದು? ಗೆರೆಯ ಹತ್ತಿರ ಕೂರಿಸಿ "ಒಳಗೋ ಹೊರಗೋ ನೋಡು" ಎನ್ನುತ್ತಿದ್ದರು. ಅದನ್ನೇ ಕಲಿತ. "ನಾಲ್ಕು ವರ್ಷದಿಂದ ನಿಮ್ಮ ಮ್ಯಾಚಿಗೆ ಕೂತಿದೀನಿ. ಹನ್ನೊಂದು ಮ್ಯಾಚು. ನೀವು ನನ್ನ ಮುಖ ನೋಡಿದ್ದು ಸೋತ ದಿನ ಮಾತ್ರ."

"ನೀವು ನನ್ನ ನೋಡ್ತಿದ್ರಾ?"

"ಗೆರೆ ನೋಡಬೇಕು. ಅದೇ ಡ್ಯೂಟಿ." ಕನ್ನಡಕ ಮೇಲೆ ಸರಿಸಿಕೊಂಡ. "ಪಾಯಿಂಟು ಮುಗಿದು, ನೀವು ಬೆವರು ಒರೆಸ್ಕೊಳ್ಳೋವಾಗ ಡ್ಯೂಟಿ ಇರಲ್ವಲ್ಲ."

ಅವಳ ಮುಖ ಬಿಸಿಯಾಯಿತು. ಅಡಗಿಸಿಕೊಳ್ಳಲು ಜಾಗವೇ ಇರಲಿಲ್ಲ. ತೂತಿನ ತುಂಬ ಅವಳ ಮುಖವೇ ಇತ್ತು.

"ಇನ್ನು ನಿಮ್ಮನ್ನ ‘ನೀವು’ ಅನ್ನಲ್ಲ," ಎಂದಳು. "ನೆಲದ ಮೇಲೆ ಬಿದ್ದುಕೊಂಡಿರೋರಿಗೆ ಅಷ್ಟೆಲ್ಲ ಮರ್ಯಾದೆ ಕೊಡೋಕಾಗಲ್ಲ."

"ಸರಿ."

"ನೀನೂ ಅನ್ನು."

"ನೀನು," ಎಂದು ಅವನು ಹೇಳಿ ನೋಡಿದ. ಹೊಸ ಚಪ್ಪಲಿ ಮೆಟ್ಟಿ ನೋಡುವವನ ಹಾಗೆ ಇನ್ನೊಂದು ಸಲ ಹೇಳಿದ. "ನೀನು."

ಅವಳು ನಕ್ಕಳು. ನಗುತ್ತ ನಗುತ್ತ, ಏಕೋ, ಬಲಗಣ್ಣು ತುಂಬಿತು. ಒರೆಸಿಕೊಳ್ಳುವ ಮೊದಲೇ ಒಂದು ಹನಿ ಕೆಳಗೆ ಜಾರಿ ನೇರ ಅವನ ಕನ್ನಡಕದ ಮೇಲೆ ಬಿತ್ತು.

ಅವನು ಅಲುಗಾಡದೆ, ಬಲಗೈ ಚಾಚಿ ತನ್ನ ಕನ್ನಡಕವನ್ನು ತೋರಿಸಿದ. "ಒಳಗೆ," ಎಂದ.

ಆಮೇಲೆ ಬಹಳ ದಿನ ಅಂಥ ಸುಖ ಬರಲಿಲ್ಲ.

ಆರು ವಾರ ಕಳೆದು ಗಾಳಿಗುಳ್ಳೆ ಕರಗಿತು. ಪರದೆ ಅಂಟಿತ್ತು. ಆದರೆ ಎಡಗಣ್ಣಿನ ನಡುವೆ ಒಂದು ಮಸುಕು ಉಳಿಯಿತು. ನೇರ ಗೆರೆಗಳೆಲ್ಲ ಅಲ್ಲಿ ಸೊಟ್ಟಗಾಗುತ್ತಿದ್ದವು. "ಓದಬಹುದು, ಗಾಡಿ ಓಡಿಸಬಹುದು, ಎಲ್ಲ ಮಾಡಬಹುದು," ಎಂದರು ಡಾಕ್ಟರಮ್ಮ. "ಆದರೆ ಆ ಮಟ್ಟದ ಆಟ… ದೂರ ಅಳೆಯೋಕೆ ಎರಡು ಕಣ್ಣೂ ಬೇಕಮ್ಮ." ಅವಳು ಒಂದೇ ಪ್ರಶ್ನೆ ಕೇಳಿದಳು: ನೀವು ಹೇಳಿದ ದಿನವೇ ಆಪರೇಷನ್ ಆಗಿದ್ದರೆ? ಡಾಕ್ಟರಮ್ಮ ಕಡತ ತಿರುವಿದರು. "ಬಹುಶಃ ನಡುಭಾಗ ಉಳೀತಿತ್ತು. ಹಾಗೆಲ್ಲ ಯೋಚಿಸಬಾರದು."

ಆಟ ಬಿಟ್ಟಿದ್ದೇನೆ ಎಂದು ಅಸೋಸಿಯೇಷನ್ನಿಗೆ ನಾಲ್ಕು ಸಾಲಿನ ಪತ್ರ ಬರೆದಳು. ಹದಿನೈದು ವರ್ಷಕ್ಕೆ ನಾಲ್ಕು ಸಾಲು ಸಾಕಾಯಿತು.

ಅಂದು ಮಧ್ಯಾಹ್ನ ಅವನು ಎಂದಿನಂತೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಆವತ್ತೇ ಮಾವನಿಗೆ ಹೇಳಬೇಕಿತ್ತು ನೀನು."

ಅವನ ಮುಖ ಬಿಳಿಚಿತು.

"ನಾನು ಬೇಡ ಅಂದೆ ಅಂತ ಸುಮ್ಮನಿದ್ಯಲ್ಲ! ನಾನು ಹೆದರಿದ್ದೆ, ನನಗೆ ಬುದ್ಧಿ ಇರಲಿಲ್ಲ. ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು," ಎಂದ ಅವನು. "ನೀನು ತೋಳು ಹಿಡಿದೆ. ಬೇರೆ ಯಾರಾದ್ರೂ ಆಗಿದ್ರೆ ಹೇಳಿಬಿಡ್ತಿದ್ದೆ."

"ನಿನ್ನ ನೋಡಿದಾಗೆಲ್ಲ ಆ ಎರಡು ದಿನ ನೆನಪಾಗುತ್ತೆ. ಇನ್ಮೇಲೆ ಬರಬೇಡ."

ಅವನು ಕೈಯಲ್ಲಿದ್ದ ಹನಿ ಔಷಧಿಯ ಹೊಸ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಮತ್ತೆ ಬರಲಿಲ್ಲ.

ಒಂದು ತಿಂಗಳಾಯಿತು, ಎರಡಾಯಿತು. ಬೆಳಗಿನ ಐದಕ್ಕೆ ದೇಹ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಏಳಲು ಕಾರಣವಿರಲಿಲ್ಲ. ಕಾಲಿನ ಸ್ನಾಯುಗಳು ಸಡಿಲವಾದವು, ಅಂಗೈಯ ಗಂಟುಗಳು ಮೆತ್ತಗಾದವು. ಒಂದು ದಿನ ಟೀ ಸುರಿಯಲು ಹೋಗಿ ಲೋಟದ ಪಕ್ಕಕ್ಕೆ ಸುರಿದಳು. ಅಮ್ಮ ಮಾತಾಡದೆ ಒರೆಸಿದಳು. ಆ ಮಾತಾಡದಿರುವಿಕೆಗೇ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಮಾವ ಮಾತ್ರ ದಿನಾ ಹಾಲ್‌ಗೆ ಹೋಗುತ್ತಿದ್ದ, ಮಕ್ಕಳಿಗೆ ಹೇಳಿಕೊಡುತ್ತಿದ್ದ. ಆದರೆ ಅವನು ಸ್ಮ್ಯಾಶ್ ಹೊಡೆಯುವುದನ್ನು ಆಮೇಲೆ ಯಾರೂ ನೋಡಲಿಲ್ಲ. ಒಂದು ಭಾನುವಾರ ಅವನು ಬಂದು ಅವಳ ಮಂಚದ ಅಂಚಿನಲ್ಲಿ ಕುಳಿತ.

"ಹಾಲ್‌ನ ಎಲ್ಲ ಮಕ್ಕಳಿಗೂ ಆಡೋವಾಗ ಹಾಕೋ ಗಟ್ಟಿ ಕನ್ನಡಕ ಮಾಡಿಸ್ತಿದೀನಿ. ಆ ಹುಡುಗನ ಅಂಗಡಿಯಲ್ಲೇ."

ಅವಳು ಗೋಡೆ ನೋಡುತ್ತ ಮಲಗಿದ್ದಳು.

"ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಕಡ್ಡಿ. ಕೇಳದೇ ಇರೋಕೆ ಎಷ್ಟು ಒದ್ದಾಡಿದ ಅಂದ್ರೆ, ಒಂದೇ ಗಾಜನ್ನ ಮೂರು ಸಲ ಒರೆಸಿದ." ಮಾವ ಹಾಸಿಗೆಯ ಸುಕ್ಕು ಸವರಿದ. "ನೀನು ಅವನನ್ನ ಕಳಿಸಿದ್ದು ಯಾಕೆ ಅಂತ ನಿಮ್ಮಮ್ಮ ಹೇಳಿದ್ಲು. ಅವನದು ತಪ್ಪು ಅಂದ್ರೆ, ನನ್ನದು ಏನು? ನನ್ನನ್ನ ಯಾಕೆ ಹೊರಗೆ ಹಾಕಿಲ್ಲ ನೀನು?"

"ಮಾವ!"

"ದಿನಾ ಕಾಯ್ತಿದೀನಿ. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ. ನನಗೆ ಬರಬೇಕಾದದ್ದೆಲ್ಲ ಅವನಿಗೆ ಹೋಗಿದೆ."

ಅವಳು ಎದ್ದು ಮಾವನ ಹೆಗಲಿಗೆ ತಲೆಯಿಟ್ಟಳು. ಮಾವ ಅತ್ತದ್ದನ್ನು ಅಪ್ಪ ತೀರಿಕೊಂಡಾಗಲೂ ಅವಳು ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಅಂಗಡಿಗೆ ಹೋದಳು. ಅವನು ಒಬ್ಬ ಅಜ್ಜಿಗೆ ಕನ್ನಡಕ ಕೂರಿಸುತ್ತಿದ್ದ. ಕಿವಿಯ ಹಿಂದೆ ಒತ್ತುತ್ತದೆ ಎಂದು ಅಜ್ಜಿ, ಈಗ ಎಂದು ಅವನು, ಇನ್ನೂ ಒತ್ತುತ್ತದೆ ಎಂದು ಅಜ್ಜಿ. ಬಾಗಿಲ ಸದ್ದಿಗೆ ತಲೆಯೆತ್ತಿದವನ ಕೈ ಅಲ್ಲೇ ನಿಂತಿತು.

"ಏನಪ್ಪಾ, ನನ್ನ ಕಿವಿ ಹಿಡ್ಕೊಂಡು ಎಲ್ಲಿ ನೋಡ್ತಿದೀಯಾ?" ಎಂದಳು ಅಜ್ಜಿ.

ಅಜ್ಜಿ ಹೋಗುವವರೆಗೆ ಅವಳು ಕಾದಳು. ಅವನು ಸೊರಗಿಹೋಗಿದ್ದ, ಶರ್ಟಿನ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಗೆರೆ ಕಾಯುವುದನ್ನು ಬಿಟ್ಟಿದ್ದಾನೆಂದು ಮಾವ ಹೇಳಿದ್ದ.

"ನೀನು ಆವತ್ತೇ ಮಾವನಿಗೆ ಹೇಳಿದ್ದಿದ್ರೆ," ಎಂದಳು ಅವಳು, ಪೀಠಿಕೆಯಿಲ್ಲದೆ, "ನಾನು ಜನ್ಮದಲ್ಲಿ ನಿನ್ನ ಮುಖ ನೋಡ್ತಿರಲಿಲ್ಲ. ನನ್ನ ಟ್ರಯಲ್ಸ್ ಹಾಳು ಮಾಡಿದವನು ಅಂತಿದ್ದೆ. ಅದನ್ನ ಹೇಳೋಕೆ ಬಂದೆ."

"ನೋಡದಿದ್ರೂ ಪರವಾಗಿರಲಿಲ್ಲ. ಕಣ್ಣು ಉಳೀತಿತ್ತು," ಎಂದ ಅವನು. "ದಿನಾ ಅದೇ ಲೆಕ್ಕ ಹಾಕ್ತೀನಿ."

"ನಾನೂ. ಬೆಳಗ್ಗೆ ಐದಕ್ಕೆ ಎಚ್ಚರ ಆಗುತ್ತೆ, ಶುರು ಮಾಡ್ತೀನಿ."

"ಐದಕ್ಕೆ ನನಗೆ ಫೋನ್ ಮಾಡು."

"ಎದ್ದಿರ್ತೀಯಾ?"

"ಎರಡು ತಿಂಗಳಿಂದ ಎದ್ದೇ ಇದೀನಿ."

ಇಬ್ಬರ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಸಾಲು ಸಾಲು ಫ್ರೇಮುಗಳು. ಅವಳು ಗಾಜಿನ ಮೇಲೆ ಅಂಗೈ ಇಟ್ಟಳು. "ಆಟ ಹೋಯ್ತು. ಅದು ಇಲ್ಲದೆ ನಾನು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಎಷ್ಟು ದಿನ ಅಳ್ತೀನೋ, ಯಾರ ಮೇಲೆ ಕೂಗಾಡ್ತೀನೋ, ಹೇಳೋಕಾಗಲ್ಲ. ಕರುಣೆ ತೋರಿಸೋಕೆ ಬರೋದಾದ್ರೆ ಬರಬೇಡ."

"ಕರುಣೆನಾ?" ಅವನು ಮೊದಲ ಸಲ ದನಿ ಎತ್ತಿದ. "ನಾಲ್ಕು ವರ್ಷ ನಿನ್ನ ಒಂದು ಪಾಯಿಂಟಿನಲ್ಲೂ ಕರುಣೆ ತೋರಿಸಿಲ್ಲ ನಾನು. ಸೋಲೋ ಪಾಯಿಂಟನ್ನೂ ಇದ್ದ ಹಾಗೇ ಹೇಳಿದೆ. ಈಗಲೂ ಇದ್ದ ಹಾಗೇ ಹೇಳ್ತೀನಿ. ನಿನ್ನ ಬಿಟ್ಟು ಇರೋಕೆ ಆಗ್ತಿಲ್ಲ. ನೋಡಿದೆ, ಎರಡು ತಿಂಗಳು. ಆಗಲ್ಲ."

ಅವಳ ಅಂಗೈಯ ಪಕ್ಕ ಅವನ ಅಂಗೈ ಬಂದು ಕೂತಿತು. ಮೇಲೆ ಅಲ್ಲ, ಪಕ್ಕ. ಅವಳೇ ತನ್ನ ಕೈಯನ್ನು ಅದರ ಮೇಲಿಟ್ಟಳು.

ಅಂಗಡಿಗೆ ಬೀಗ ಹಾಕಿ ಇಬ್ಬರೂ ರಸ್ತೆಗಿಳಿದರು. ಮೋಡ ಮುಚ್ಚಿದ ಮಧ್ಯಾಹ್ನ. ಎಲ್ಲಿಗೆ ಎಂದು ಇಬ್ಬರೂ ಕೇಳಲಿಲ್ಲ. ವಾಹನಗಳು ಎಡಗಡೆಯಿಂದ ಬರುತ್ತಿದ್ದವು. ಅವನು ಸದ್ದಿಲ್ಲದೆ ಅವಳ ಹಿಂದಿನಿಂದ ಸುತ್ತಿ ಬಂದು, ಅವಳ ಮಸುಕುಗಣ್ಣಿನ ಕಡೆ, ಅವಳಿಗೂ ವಾಹನಗಳಿಗೂ ನಡುವೆ ನಡೆಯತೊಡಗಿದ.

ಹತ್ತು ಹೆಜ್ಜೆ ಹೋಗಿ ಅವಳು ನಿಂತಳು.

"ಈ ಕಡೆ ಬಾ," ಎಂದು ತೋಳು ಹಿಡಿದು ಅವನನ್ನು ಬಲಗಡೆಗೆ ಎಳೆದುಕೊಂಡಳು. "ಆ ಕಡೆ ಏನು ಬರುತ್ತೋ ನಾನೇ ತಿರುಗಿ ನೋಡ್ಕೋತೀನಿ. ನೀನು ನನಗೆ ಕಾಣೋ ಕಡೆ ಇರು."

ಅವನು ಬಲಗಡೆಗೆ ಬಂದ. ಅವಳು ಒಮ್ಮೆ ಪೂರ್ತಿ ಕತ್ತು ಹೊರಳಿಸಿ ಎಡಕ್ಕೆ ನೋಡಿದಳು. ರಸ್ತೆ ಖಾಲಿಯಾದದ್ದನ್ನು ಕಂಡು, ಅವನ ಕೈ ಹಿಡಿದು ದಾಟಿದಳು.